ಕಿಶೋರರು ತಾವೇ ಕಟ್ಟುವ ನಾಟಕ

ಆಳಂದ ತಾಲ್ಲೂಕಿನ ನಿಂಬರ್ಗಾ ಹೋಬಳಿಯ ಹಳ್ಳಿಗಳಲ್ಲಾಗಲಿ, ನೆರೆಯ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಭೀಮಾತೀರದ ಊರುಗಳಲ್ಲಾಗಲಿ, ನಾಟಕವು ಜನರಿಗೆ ಹೊಸದಾಗಿ ಪರಿಚಯಿಸಬೇಕಾದ ವಸ್ತುವಲ್ಲ. ಜಾತ್ರೆಯ ಕಾಲ ಸಮೀಪಿಸಿತೆಂದರೆ ಊರವರು ಕೂಡಿ ಒಂದು ಸಾಮಾಜಿಕ ನಾಟಕವನ್ನು ಗೊತ್ತುಮಾಡುವರು. ಪೇಟಿ ಬಾರಿಸಬಲ್ಲ ಮಾಸ್ತರರೊಬ್ಬರು ಬಂದು ತಾಲೀಮು ನಡೆಸುವರು. ಪರದೆಗಳೂ ಪೋಷಾಕುಗಳೂ ಬಾಡಿಗೆಗೆ ಬರುವುವು. ಸ್ತ್ರೀಪಾತ್ರಗಳಿಗೆ ಪರಸ್ಥಳದ ನಟಿಯರನ್ನು ಕರೆಸುವರು. ರಾತ್ರಿ ತೊಡಗಿದ ಆಟ ಬೆಳಗಿನ ಜಾವದವರೆಗೂ ಸಾಗುವುದು. ಇದಕ್ಕೂ ಹಿಂದಿನದು ದೊಡ್ಡಾಟದ ಪರಂಪರೆ. ಇಷ್ಟು ಸಮೃದ್ಧವಾದ ನಾಟ್ಯಾಭಿರುಚಿಯುಳ್ಳ ಸೀಮೆಯಲ್ಲಿಯೂ ಹದಿಮೂರರಿಂದ ಹದಿನೆಂಟರ ವಯಸ್ಸಿನ ಹುಡುಗ ಹುಡುಗಿಯರಿಗೆ ರಂಗದ ಮೇಲೆ ದೊರೆತಿರುವ ಸ್ಥಾನ ಅತ್ಯಲ್ಪವಾದುದು. ಅವರು ಬಹುಮಟ್ಟಿಗೆ ಪ್ರೇಕ್ಷಕರು. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಕಾಶ ದೊರೆತರೂ ಹಿರಿಯರು ಬರೆದುಕೊಟ್ಟ ಮಾತುಗಳನ್ನು ಕಂಠಪಾಠಮಾಡಿ ಒಪ್ಪಿಸುವವರು.

ಅನ್ಯರು ಬರೆದ ನಾಟಕವನ್ನು ಅಭಿನಯಿಸುವುದು ಒಂದು ಶಿಕ್ಷಣ. ತಮ್ಮ ಬಾಳಿನಿಂದಲೇ ವಸ್ತುವನ್ನು ಆಯ್ದು, ಹತ್ತಾರು ಮಂದಿ ಕೂಡಿ ಚರ್ಚಿಸಿ, ಆಡಿ, ಅಳಿಸಿ, ಮತ್ತೆ ಆಡಿ, ಒಂದು ಹೊಸ ನಾಟಕವನ್ನು ನಿರ್ಮಿಸುವುದು ಅದಕ್ಕಿಂತ ಗಹನವಾದ ಇನ್ನೊಂದು ಶಿಕ್ಷಣ. ಈ ಎರಡನೆಯದು ನಮ್ಮ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ನಡೆಯತಕ್ಕುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕನ್ನಡದಲ್ಲಿ ಮಕ್ಕಳ ರಂಗಭೂಮಿಯ ಇತಿಹಾಸ ಕೀಳಾದುದಲ್ಲ. ಕುವೆಂಪು ಅವರು ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’ ಎಂಬ ನಾಟಕಗಳನ್ನು ಮಕ್ಕಳಿಗಾಗಿಯೇ ರಚಿಸಿದರು. ದಕ್ಷಿಣ ಕನ್ನಡದ ಒಂದು ಹಳ್ಳಿಯ ಶಾಲೆಯಲ್ಲಿ, ಮೂರನೆಯ ತರಗತಿಯ ಬಾಲಕನೊಬ್ಬನು ‘ನನ್ನ ಗೋಪಾಲ’ದಲ್ಲಿ ಪಾತ್ರ ವಹಿಸಿದನು, ಮುಂದೆ ಮನೆಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದನು, ಅದರ ಒಡೆಯರಾದ ಗುಬ್ಬಿ ವೀರಣ್ಣನವರ ಔದಾರ್ಯದಿಂದ ಕಾಶಿಗೆ ಹೋಗಿ ವಿದ್ಯಾಭ್ಯಾಸ ಮಾಡಿದನು. 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ ಬಿ.ವಿ. ಕಾರಂತರೇ ಆ ಬಾಲಕ. ಅವರ ‘ಪಂಜರ ಶಾಲೆ’ ನಾಟಕವು ರವೀಂದ್ರನಾಥ ಠಾಕೂರರ ಗಿಳಿಯ ಕಥೆಯಿಂದ ಹುಟ್ಟಿದುದು. ಪಂಡಿತರು ಹಕ್ಕಿಗೆ ವಿದ್ಯೆ ಕಲಿಸುವೆವೆಂದು ಪಂಜರದಲ್ಲಿಟ್ಟು, ಗ್ರಂಥದ ಹಾಳೆಗಳನ್ನು ಅದರ ಬಾಯಿಗೆ ತುರುಕಿ, ಕಡೆಗೆ ಅದರ ಪ್ರಾಣವನ್ನೇ ಕಳೆಯುವ ಆ ಕಥೆಯನ್ನು ಮಕ್ಕಳ ಕೈಯಲ್ಲಿಯೇ ಆಡಿಸಿದುದು ಕಾರಂತರ ಶಿಕ್ಷಣದೃಷ್ಟಿಗೆ ಸಾಕ್ಷಿ. ಪ್ರೇಮಾ ಕಾರಂತರು ಮಕ್ಕಳ ನಾಟಕಗಳ ನಿರ್ದೇಶನಕ್ಕೆ ಬಹುಕಾಲ ದುಡಿದರು. ಚಂದ್ರಶೇಖರ ಕಂಬಾರ, ವೈದೇಹಿ ಮೊದಲಾದವರು ಮಕ್ಕಳಿಗಾಗಿ ನಾಟಕ ಬರೆದರು. ರಂಗಾಯಣದ ಚಿಣ್ಣರ ಮೇಳವು ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ನಾಟಕವಾಡಿಸುತ್ತ ಬಂದಿದೆ.

ಹೊರನಾಡುಗಳಲ್ಲಿ ಈ ವಿಚಾರ ಬೇರೊಂದು ದಿಕ್ಕಿನಿಂದ ಬೆಳೆಯಿತು. ಇಂಗ್ಲೆಂಡಿನ ಕೊವೆಂಟ್ರಿ ನಗರದ ಬೆಲ್‌ಗ್ರೇಡ್ ರಂಗಮಂದಿರವು 1965ರಲ್ಲಿ ನಟರನ್ನು ಶಾಲೆಗಳಿಗೆ ಕಳುಹಿಸಿ, ವಿದ್ಯಾರ್ಥಿಗಳನ್ನೂ ನಾಟಕದೊಳಕ್ಕೆ ಸೇರಿಸಿಕೊಳ್ಳುವ ಕ್ರಮವನ್ನು ಆರಂಭಿಸಿತು. ಬ್ರೆಜಿಲ್ ದೇಶದ ಅಗಸ್ಟೊ ಬೊಆಲ್ ಎಂಬಾತನು ಪ್ರೇಕ್ಷಕನೇ ಎದ್ದುಬಂದು ಪಾತ್ರಧಾರಿಯ ಸ್ಥಾನದಲ್ಲಿ ನಿಂತು ಕಥೆಯ ಗತಿಯನ್ನು ಬದಲಿಸಬಹುದಾದ ರಂಗಕ್ರಮವೊಂದನ್ನು ರೂಪಿಸಿದನು. ನಮ್ಮ ರಾಷ್ಟ್ರೀಯ ನಾಟಕ ಶಾಲೆಯೂ 1989ರಲ್ಲಿ ಶಿಕ್ಷಣರಂಗಕ್ಕೆಂದೇ ಪ್ರತ್ಯೇಕ ತಂಡವನ್ನು ನಿರ್ಮಿಸಿತು. ಇವೆಲ್ಲದರ ತಾತ್ಪರ್ಯ ಒಂದೇ: ಕಲಿಯುವವನು ಕೇಳುವವನಾಗಿ ಉಳಿಯದೆ ಮಾಡುವವನಾಗಬೇಕು.

ಇಂಥ ನಾಟಕ ಹುಟ್ಟುವ ಬಗೆಯನ್ನು ಒಂದು ಕಲ್ಪಿತ ನಿದರ್ಶನದಿಂದ ವಿವರಿಸುವೆನು. ನಿಂಬರ್ಗಾದಂಥ ಊರಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹದಿನೈದು ಮಂದಿ ಹುಡುಗ ಹುಡುಗಿಯರು ನಾಟಕ ಕಟ್ಟಲು ಕೂಡಿದರೆಂದು ಭಾವಿಸೋಣ. ಮೊದಲ ಕೆಲವು ದಿನ ಮಾತಿನ ಗೊಡವೆಯೇ ಬೇಡ. ವರ್ತುಲವಾಗಿ ನಿಂತು ಒಬ್ಬರ ಚಲನೆಯನ್ನು ಮತ್ತೊಬ್ಬರು ಅನುಕರಿಸುವುದು, ಕಣ್ಣುಮುಚ್ಚಿ ಗೆಳೆಯನ ದನಿಯನ್ನು ಹಿಂಬಾಲಿಸುವುದು, ಎಲ್ಲರೂ ಒಂದೇ ಉಸಿರಿನಲ್ಲಿ ನಡೆದು ಒಂದೇ ಕ್ಷಣದಲ್ಲಿ ನಿಲ್ಲುವುದು, ಇಂಥ ಆಟಗಳಿಂದ ಸಂಕೋಚ ಕರಗಿ ಪರಸ್ಪರ ವಿಶ್ವಾಸ ಹುಟ್ಟುವುದು. ಅನಂತರ ವಸ್ತುವಿನ ಅನ್ವೇಷಣೆ. ತಮ್ಮ ಓರಗೆಯವರನ್ನು ಕಾಡುವ ವಿಷಯ ಯಾವುದೆಂದು ಪ್ರತಿಯೊಬ್ಬರೂ ಹೇಳಬೇಕು. ತೊಗರಿಯ ಧಾರಣೆ, ಬಾರದ ಬಸ್ಸು, ನಡುವೆಯೇ ಶಾಲೆ ಬಿಟ್ಟ ಗೆಳತಿಯ ಮದುವೆ, ಮುಂಬೈ ಪುಣೆಗಳಿಗೆ ದುಡಿಯಲು ಗುಳೆ ಹೋಗುವ ಕುಟುಂಬ, ಈ ಸೀಮೆಯಲ್ಲಿ ವಸ್ತುವಿಗೆ ಬಡತನವಿಲ್ಲ.

ಗುಳೆಯ ವಿಷಯವೇ ಆಯ್ಕೆಯಾಯಿತೆನ್ನೋಣ. ಬರೆದ ಮಾತೊಂದೂ ಇಲ್ಲದೆ ಇಬ್ಬರು ಎದ್ದುನಿಲ್ಲುವರು: ಒಬ್ಬಳು ಮಗಳು, ಒಬ್ಬನು ತಂದೆ. “ಯಪ್ಪಾ, ಪರೀಕ್ಷಾ ಮುಗಿಯೋ ತನ್ಕ ನಾ ಇಲ್ಲೇ ಆಯಿ ಬಲ್ಲಿ ಇರ್ತೀನಿ, ನೀವು ಹೋಗ್ರಿ” ಎಂದು ಮಗಳು ಹೇಳುವಳು. ತಂದೆಯ ಪಾತ್ರದ ಹುಡುಗನು ತಾನು ನೋಡಿದ ನಾಟಕಗಳ ಖಳನಂತೆ ಕಣ್ಣು ಕೆಂಪಗೆ ಮಾಡಿ ಗರ್ಜಿಸುವನು. ದೃಶ್ಯ ಸುಳ್ಳಾಗಿ ತೋರುವುದು. ನೋಡುತ್ತಿರುವವರಿಗೂ ಅದು ಗೊತ್ತಾಗುವುದು. ಆಗ ಶಿಕ್ಷಕರು ತಿದ್ದಲಾಗದು. ಪಾತ್ರಗಳನ್ನು ಅದಲುಬದಲು ಮಾಡಿಸಬೇಕು. ಈಗ ಹುಡುಗಿಯೇ ತಂದೆ. ಅವಳಿಗೆ ಗರ್ಜಿಸಲು ಮನಸ್ಸಾಗದು, ಕುಳಿತು, ನೆಲ ನೋಡುತ್ತ, “ಗುತ್ತೇದಾರನ ಬಲ್ಲಿ ಮುಂಗಡ ತಗೊಂಡೀನವ್ವಾ. ಅಲ್ಲಿ ನಿನ್ನ ತಮ್ಮಗ ಯಾರು ಹಿಡೀಬೇಕು?” ಎಂದು ಮೆಲ್ಲನೆ ಕೇಳುವಳು. ಆ ಒಂದು ಪ್ರಶ್ನೆಯಿಂದ ತಂದೆಯು ಖಳನಾಗಿ ಉಳಿಯದೆ ಸಾಲದ ಭಾರಕ್ಕೆ ಸಿಕ್ಕ ಮನುಷ್ಯನಾಗುವನು. ಸಮಸ್ಯೆಯ ಬೇರು ಒಂದು ಮನೆಯ ಹಟದಲ್ಲಿ ಇಲ್ಲವೆಂಬುದು, ಯಾವ ಉಪನ್ಯಾಸವೂ ಇಲ್ಲದೆ, ಹದಿನೈದು ಮಂದಿಗೂ ವಿದಿತವಾಗುವುದು. ಅನ್ಯರ ಸ್ಥಾನದಲ್ಲಿ ನಿಂತು ಲೋಕವನ್ನು ನೋಡುವ ಶಕ್ತಿಯೇ ಈ ವಿದ್ಯೆಯ ಪರಮಪ್ರಯೋಜನ.

ಹೀಗೆ ಪುನಃ ಪುನಃ ಆಡಿ ನಿಂತ ಮಾತುಗಳನ್ನು ಇಬ್ಬರು ಮೂವರು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವರು. ಲಿಖಿತಪಾಠವು ಮೊದಲು ಬರುವುದಲ್ಲ, ಕಡೆಗೆ ಬರುವುದು. ದೃಶ್ಯಗಳನ್ನು ಕೂಡಿಸುವ ಸೂತ್ರಕ್ಕಾಗಿ ದೂರ ಹುಡುಕಬೇಕಾಗಿಲ್ಲ. ದೊಡ್ಡಾಟದ ಸಾರಥಿಯು ರಂಗಕ್ಕೆ ಬಂದ ಪ್ರತಿಯೊಂದು ಪಾತ್ರವನ್ನೂ ತಡೆದು, ನೀವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ವಿಚಾರಿಸುವನಷ್ಟೆ. ಆ ಪ್ರಶ್ನೆಗಳನ್ನು ಗುತ್ತೇದಾರನಿಗೂ ಬ್ಯಾಂಕಿನವನಿಗೂ ಹಾಜರಿಪುಸ್ತಕ ಹಿಡಿದ ಶಿಕ್ಷಕನಿಗೂ ಕೇಳುವ ಸಾರಥಿಯೊಬ್ಬನನ್ನು ಮಕ್ಕಳು ನಿರ್ಮಿಸಿಕೊಂಡರೆ ಅಜ್ಜಂದಿರ ಕಲೆ ಮೊಮ್ಮಕ್ಕಳ ಕೈಯಲ್ಲಿ ಹೊಸ ಆಯುಧವಾಗುವುದು.

ಭಾಷೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಕ್ಕಳು ತಮ್ಮ ಮನೆಮಾತನ್ನೇ ರಂಗದ ಮೇಲೆ ಆಡಲಿ. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಪ್ರಸಿದ್ಧವಾದ, 1887ರ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಸೂರಿ ವೆಂಕಟರಮಣ ಶಾಸ್ತ್ರಿಗಳು ಹವ್ಯಕರ ಆಡುನುಡಿಯಲ್ಲಿ ಬರೆದು ಕನ್ಯಾವಿಕ್ರಯವನ್ನು ಖಂಡಿಸಿದರು, ಕೈಲಾಸಂ ಅವರು ‘ಟೊಳ್ಳುಗಟ್ಟಿ’ಯಲ್ಲಿ ಬೆಂಗಳೂರಿನ ಮನೆಮಾತನ್ನು ಬಳಸಿ ಪರೀಕ್ಷೆಯ ಅಂಕಗಳಿಗಿಂತ ಹೃದಯದ ಸತ್ತ್ವವೇ ಗಟ್ಟಿಯೆಂದು ತೋರಿಸಿದರು. ನಿಜಾಮರ ಆಳಿಕೆಯಲ್ಲಿ ಮೇಲಿನ ತರಗತಿಗಳ ಶಿಕ್ಷಣ ಉರ್ದುವಿನಲ್ಲಿ ನಡೆಯುತ್ತಿದ್ದ, ಆ ಆಳಿಕೆ ಕೊನೆಗೊಂಡ 1948ರ ಸೆಪ್ಟೆಂಬರ್ 17ರ ಅನಂತರವೇ ಕನ್ನಡಕ್ಕೆ ಶಾಲೆಯಲ್ಲಿ ಸಹಜವಾದ ಸ್ಥಾನ ದೊರೆತ ಈ ಸೀಮೆಯಲ್ಲಿ, ಕಲಬುರಗಿಯ ನುಡಿಯನ್ನು ಅಶುದ್ಧವೆಂದು ಹೀಗಳೆದು ಮಕ್ಕಳ ಬಾಯಿ ಕಟ್ಟುವುದು ದೊಡ್ಡ ಅನ್ಯಾಯ.

ಹುಡುಗಿಯರ ಸಮಸ್ಯೆ ಇನ್ನಷ್ಟು ಸೂಕ್ಷ್ಮ. ನಟಿಯರನ್ನು ಹೊರಗಿನಿಂದ ಕರೆಸುವುದೇ ರೂಢಿಯಾದ ಊರಿನಲ್ಲಿ ಮನೆಯ ಮಗಳು ರಂಗವೇರುವಳೆಂದರೆ ಹೆತ್ತವರು ಹಿಂಜರಿಯುವುದು ಸ್ವಾಭಾವಿಕ. ತಾಲೀಮು ಹಗಲಿನಲ್ಲಿಯೇ, ಶಾಲೆಯ ಅಂಗಳದಲ್ಲಿಯೇ ನಡೆಯಬೇಕು. ತಾಯಂದಿರು ಬಂದು ನೋಡಲು ಅವಕಾಶವಿರಬೇಕು. ಅರ್ಧ ಗಂಟೆಯ ಹಗಲು ನಾಟಕಕ್ಕೆ ಬಾಡಿಗೆಯ ಪರದೆ, ದೀಪ, ಧ್ವನಿವರ್ಧಕಗಳ ಅಗತ್ಯವಿಲ್ಲ. ಒಂದು ಹಲಗೆ, ಎರಡು ಚಾದರ, ನಾಲ್ಕು ಗಂಟುಗಳಿಂದ ಒಂದು ಕುಟುಂಬದ ಪ್ರಯಾಣವನ್ನೇ ತೋರಿಸಬಹುದು.

ಹತ್ತನೆಯ ತರಗತಿಯ ಪರೀಕ್ಷೆ ಎದುರಿಗಿರುವಾಗ ಇದಕ್ಕೆ ವೇಳೆ ಎಲ್ಲಿಂದ ತರುವುದೆಂದು ಕೆಲವರು ಕೇಳುವರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆಗಳೊಡನೆ ನಾಟಕವನ್ನೂ ಶಾಲಾಶಿಕ್ಷಣದ ಅಂಗವೆಂದೇ ಪರಿಗಣಿಸಿದೆ. ನಾಟಕಕ್ಕೆ ಕೊಟ್ಟ ವೇಳೆ ಪಾಠದಿಂದ ಕದ್ದುದಲ್ಲ. ಸಭೆಯ ಮುಂದೆ ಸ್ಪಷ್ಟವಾಗಿ ಮಾತನಾಡುವುದು, ಇತರರ ಮಾತನ್ನು ತಾಳ್ಮೆಯಿಂದ ಕೇಳುವುದು, ಭಿನ್ನಾಭಿಪ್ರಾಯವಿದ್ದೂ ಕೂಡಿ ಕೆಲಸಮಾಡುವುದು, ಇವು ಪ್ರಜಾರಾಜ್ಯದ ನಾಗರಿಕನಿಗೆ ಗಣಿತದಷ್ಟೇ ಆವಶ್ಯಕ. ಅವಕಾಶಗಳೂ ಇಲ್ಲದಿಲ್ಲ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಿದೆ, ಪ್ರೌಢಶಾಲೆಗಳ ವಿಜ್ಞಾನ ನಾಟಕ ಸ್ಪರ್ಧೆಯಿದೆ, ಕಲಬುರಗಿಯಲ್ಲಿ ರಂಗಾಯಣವಿದೆ, 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ 1980ರಿಂದ ನಡೆಸುತ್ತಿರುವ ರಂಗಶಿಕ್ಷಣ ಕೇಂದ್ರದಲ್ಲಿ ತರಬೇತಿ ಪಡೆದವರು ನಾಡಿನಾದ್ಯಂತ ಇದ್ದಾರೆ. ಆದರೆ ಬಹುಮಾನವೇ ಗುರಿಯಾದರೆ ಶಿಕ್ಷಕರೇ ನಾಟಕ ಬರೆದುಕೊಡುವ ದುರಭ್ಯಾಸ ತಲೆಯೆತ್ತುವುದು. ಆಗ ಪಂಜರದ ಗಿಳಿಗೂ ನಮ್ಮ ಮಕ್ಕಳಿಗೂ ಭೇದ ಉಳಿಯದು.

ಮುಖ್ಯೋಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ವಾರಕ್ಕೆ ಎರಡು ಗಂಟೆಗಳನ್ನು ಒಂಬತ್ತನೆಯ ತರಗತಿಯವರಿಗೆ ಈ ಕಾರ್ಯಕ್ಕೆಂದು ಮೀಸಲಿಡಿರಿ, ವಸ್ತುವನ್ನು ಅವರೇ ಆರಿಸಲಿ, ಮಾತನ್ನು ಅವರೇ ಕಟ್ಟಲಿ. ಊರಿನ ಹಿರಿಯರು ಪ್ರದರ್ಶನದ ದಿನ ಬಂದು, ತಮ್ಮನ್ನೇ ಕುರಿತ ಮಾತು ಬಂದಾಗಲೂ ತಡೆಯದೆ ಕಡೆಯವರೆಗೆ ಕೇಳಬೇಕು. ಆಟ ಮುಗಿದ ಮೇಲೆ ಆ ಮಕ್ಕಳೊಡನೆ ಸರಿಸಮನಾಗಿ ಚರ್ಚೆಗೆ ಕೂಡಬೇಕು.