ಮಾಗಿಯ ಚಳಿಯೂ ಹುಳುಮನೆಯ ಕೆಂಡವೂ

ಮಾರ್ಗಶಿರ ಪುಷ್ಯಮಾಸಗಳಲ್ಲಿ ನಮ್ಮ ಬಯಲುಸೀಮೆಯ ರಾತ್ರಿಗಳು ಎಷ್ಟು ಶೀತಲವಾಗುವುವೆಂಬುದನ್ನು ಗ್ರಾಮವಾಸಿಗಳಾದ ವಾಚಕರಿಗೆ ವಿವರಿಸಬೇಕಾದ್ದಿಲ್ಲ. ಬೆಂಗಳೂರಿನಲ್ಲಿ 1884ನೆಯ ಇಸವಿ ಜನವರಿ 13ನೆಯ ತಾರೀಖಿನಂದು ಉಷ್ಣತೆಯು 7.8 ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿತ್ತು. ಹಿಮ ಬೀಳುವ ದೇಶದವರು ಇದನ್ನು ಕೇಳಿ ನಕ್ಕಾರು. ಆದರೆ ಅವರ ಮನೆಗಳು ಚಳಿಯನ್ನು ತಡೆಯುವುದಕ್ಕೆಂದೇ ಕಟ್ಟಿದವು. ನಮ್ಮವಾದರೋ ಸೆಕೆಯನ್ನು ಕಳೆಯುವುದಕ್ಕಾಗಿ ಕಟ್ಟಿದವು. ಹೆಂಚಿನ ಸಂದುಗಳಲ್ಲಿಯೂ ಗೋಡೆಯ ನೆತ್ತಿಯಲ್ಲಿಯೂ ಗಾಳಿಯಾಡುವ ಮನೆಯಲ್ಲಿ ಹತ್ತು ಡಿಗ್ರಿಯ ಚಳಿಯೂ ಸಾಮಾನ್ಯವಾದುದಲ್ಲ.

ಈ ಕಾಲದಲ್ಲಿ ಆಕಾಶದಲ್ಲಿ ಮೋಡವಿರುವುದು ಅಪರೂಪ. ಹಗಲು ಭೂಮಿಯು ಹೀರಿದ ಕಾವು ರಾತ್ರಿ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಈಶಾನ್ಯದ ಒಣಗಾಳಿಯೂ ಇದಕ್ಕೆ ಕೂಡಿಕೊಳ್ಳುತ್ತದೆ. ತಣ್ಣನೆಯ ಗಾಳಿಯು ಭಾರವಾದುದರಿಂದ ನೆಲದ ಮೇಲೆ ಮಡುಗಟ್ಟಿ ನಿಲ್ಲುವುದು. ಬೆಳಗಿನ ಜಾವವೇ ಅತ್ಯಂತ ಕಠಿಣವಾದ ವೇಳೆ. ಮನುಷ್ಯರಿಗೆ ಕಂಬಳಿಯುಂಟು. ಎಳೆಗರುವಿಗೆ ಒಣಹುಲ್ಲಿನ ಹಾಸುಗೆಯೂ, ಬೆನ್ನಿಗೊಂದು ಗೋಣಿತಾಟೂ, ಹುಟ್ಟಿದೊಡನೆ ಹೊಟ್ಟೆತುಂಬ ಗಿಣ್ಣುಹಾಲೂ ದೊರೆತರೆ ಸಾಕು. ರೇಷ್ಮೆಹುಳುವಿಗೆ ಮಾತ್ರ ಇಂಥ ಆಸರೆಯಾವುದೂ ಇಲ್ಲ. ಅದರ ಮೈಗೆ ಸ್ವಂತವಾದ ಕಾವಿಲ್ಲ. ಕೋಣೆಯ ಕಾವೇ ಅದರ ಕಾವು.

ಎಳೆಯ ಹುಳುವಿಗೆ, ಎಂದರೆ ಎರಡನೆಯ ಜ್ವರ ಮುಗಿಯುವವರೆಗೆ, 27ರಿಂದ 28 ಡಿಗ್ರಿ ಉಷ್ಣತೆಯು ಬೇಕು. ಬೆಳೆದ ಹುಳುವಿಗೆ 24 ಅಥವಾ 25 ಡಿಗ್ರಿ ಸಾಕು. ಇಪ್ಪತ್ತಕ್ಕಿಂತ ಕೆಳಗಿಳಿದರೆ ಹುಳುವು ಸೊಪ್ಪನ್ನು ಮುಟ್ಟುವುದು ಕಡಿಮೆಯಾಗಿ, ಜ್ವರಕ್ಕೆ ಕೂರುವುದು ಒಂದೇ ಸಮನಾಗಿರದೆ, ಬೆಳೆಯ ದಿನಗಳು ಉದ್ದವಾಗುತ್ತವೆ. ಚಳಿಯೊಂದಿಗೆ ತೇವವೂ ಸೇರಿದಲ್ಲಿ ಸುಣ್ಣಕಟ್ಟು ರೋಗವು ಕಾಣಿಸಿಕೊಳ್ಳುವುದು. ಆದಕಾರಣ ಸಾಕಣೆದಾರನು ಹುಳುಮನೆಯ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ಇದ್ದಲಿನ ಒಲೆಯನ್ನು ಒಳಗಿಡುವನು. ಅನೇಕ ಕಡೆ ಹುಳುಮನೆಯೆಂದರೆ ವಾಸದ ಮನೆಯೇ. ತಟ್ಟೆಗಳ ಅಡ್ಡೆಯ ಪಕ್ಕದಲ್ಲಿಯೇ ಮಕ್ಕಳು ಮಲಗುವರು. ಇಲ್ಲಿಯೇ ಅಪಾಯವಿರುವುದು.

ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದಲ್ಲಿ ಬೆಳಗ್ಗೆ ಹುಳು ನೋಡಲು ನಾನು ಹೋದಾಗ, ಮನೆಯವರು ಅಂಗಳದಲ್ಲಿ ತಲೆ ಹಿಡಿದುಕೊಂಡು ಕುಳಿತಿದ್ದರು. ಸೊಸೆಗೆ ವಾಂತಿ, ಆರು ವರ್ಷದ ಹುಡುಗನು ಎಬ್ಬಿಸಿದರೂ ಏಳದೆ ತೂಗಾಡುತ್ತಿದ್ದನು. ಹಿರಿಯರು ಗಾಳಿ ಸೋಕಿತೆಂದು ಯಂತ್ರ ಕಟ್ಟುವವರಿಗೆ ಹೇಳಿಕಳುಹಿಸಿದ್ದರು. ಸೋಕಿದ್ದು ಗಾಳಿಯೆಂಬುದೇನೋ ನಿಜ. ಒಳಗೆ ಎರಡು ಒಲೆಗಳು ಇನ್ನೂ ನಿಗಿನಿಗಿ ಎನ್ನುತ್ತಿದ್ದವು. ಬಾಗಿಲ ಸಂದಿಗೆಲ್ಲ ಗೋಣಿಯನ್ನು ತುರುಕಿದ್ದರು. ಹುಡುಗನನ್ನು ಆಸ್ಪತ್ರೆಗೆ ಸಾಗಿಸಿದ್ದರಿಂದ ಉಳಿದುಕೊಂಡನು. “ಹೊಗೆಯೇ ಇರಲಿಲ್ಲವಲ್ಲ ಸ್ವಾಮಿ, ಚೆನ್ನಾಗಿ ಕೆಂಡವಾದ ಮೇಲೆಯೇ ಒಳಗಿಟ್ಟೆವು” ಎಂದು ಯಜಮಾನರು ಮತ್ತೆ ಮತ್ತೆ ಹೇಳಿದರು.

ಹೊಗೆಯಿಲ್ಲದ ಕೆಂಡವು ನಿರಪಾಯವೆಂಬ ಈ ನಂಬಿಕೆಯು ಪೂರ್ಣವಾಗಿ ತಪ್ಪು. ಇದ್ದಲು ಸಾಕಷ್ಟು ಗಾಳಿಯಿಲ್ಲದೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ನಾವು ಉಸಿರಾಡುವ ಆಮ್ಲಜನಕವನ್ನು ರಕ್ತದಲ್ಲಿ ಒಯ್ಯುವ ಕೆಂಪು ದ್ರವ್ಯವನ್ನು ಈ ವಾಯುವು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ಅನಂತರ ಕೈಕಾಲು ಸೋಲುವುದು, ಬುದ್ಧಿ ಮಂಕಾಗುವುದು. ಎಚ್ಚರವಿದ್ದವನು ಎದ್ದು ಹೊರಗೆ ಬಂದಾನು. ನಿದ್ರಿಸುವವನಿಗೆ ಎಚ್ಚರವೇ ಆಗದು. ಒಲೆಯ ಮೇಲೆ ನೀರಿನ ಪಾತ್ರೆಯಿಟ್ಟರೆ ವಿಷವೆಲ್ಲ ನೀರಿಗೆ ಹೋಗುವುದೆಂದು ಹೇಳುವವರುಂಟು. ನೀರು ಕೋಣೆಗೆ ತೇವವನ್ನು ಕೊಡುವುದೇ ಹೊರತು ಈ ವಾಯುವನ್ನು ಹೀರಲಾರದು.

ಹಾಗಾದರೆ ಹುಳುವನ್ನು ಚಳಿಗೆ ಬಿಡಬೇಕೆ ಎಂದು ಕೇಳಬಹುದು. ಬೇಡ. ಬೆಂಕಿಗೆ ಮೊದಲು ಮನೆಯನ್ನೇ ಬೆಚ್ಚಗೆ ಮಾಡತಕ್ಕದ್ದು. ಹೆಂಚಿನ ಕೆಳಗೆ ಚಾಪೆಯನ್ನೋ ಬಟ್ಟೆಯನ್ನೋ ತಟ್ಟಿಯಂತೆ ಕಟ್ಟಿದರೆ ಮೇಲಕ್ಕೇರುವ ಕಾವು ಒಳಗೇ ನಿಲ್ಲುವುದು. ಬಿಸಿಲೇರಿದ ಮೇಲೆ ಕಿಟಕಿಗಳನ್ನು ತೆರೆದು, ಹುಳುವಿನ ಮೇಲೆ ಬಿಸಿಲು ನೇರವಾಗಿ ಬೀಳದಂತೆ ನೋಡಿಕೊಂಡು, ಸಂಜೆಗೆ ಮೊದಲೇ ಮುಚ್ಚಬೇಕು. ಚಾಕಿಯ ತಟ್ಟೆಗಳನ್ನು ಮೇಣಗಾಗದದಿಂದ ಮುಚ್ಚಬೇಕು, ನೆಲದ ಸಮೀಪದಲ್ಲಿಡಕೂಡದು. ಇಬ್ಬನಿ ಆರದ ಸೊಪ್ಪನ್ನು ಹಾಕಬಾರದು. ನನ್ನ ಅಭಿಪ್ರಾಯದಲ್ಲಿ ಚಳಿಗಾಲದ ಬೆಳೆಗೆ ಎಲ್ಲಕ್ಕಿಂತ ಉತ್ತಮವಾದುದು, ಚಾಕಿ ಸಾಕಣೆ ಕೇಂದ್ರದಿಂದ ಎರಡನೆಯ ಜ್ವರ ಕಳೆದ ಹುಳುವನ್ನೇ ತರುವುದು. ಹೆಚ್ಚು ಕಾವು ಬೇಕಾದ ದಿನಗಳು ಅಲ್ಲಿಯೇ ಕಳೆದಿರುತ್ತವೆ. ವಿದ್ಯುತ್ತಿರುವಲ್ಲಿ ವಿದ್ಯುತ್ ಶಾಖೋಪಕರಣವು ಇದ್ದಲಿಗಿಂತ ಮೇಲು.

ಇದ್ದಲನ್ನೇ ಉಪಯೋಗಿಸಬೇಕಾದಲ್ಲಿ ಹೊರಗೆ ಚೆನ್ನಾಗಿ ಹೊತ್ತಿಸಿಯೇ ಒಳಗೆ ತರಬೇಕು. ತಂದ ಮೇಲೆಯೂ ಕೆಳಗೊಂದು ಮೇಲೊಂದು ಗಾಳಿಕಿಂಡಿಯು ರಾತ್ರಿಯೆಲ್ಲ ತೆರೆದಿರಲೇಬೇಕು. ಇದರಿಂದ ಒಂದೆರಡು ಡಿಗ್ರಿ ಕಾವು ನಷ್ಟವಾಗಬಹುದು; ಆಗಲಿ. ಕೆಂಡವಿರುವ ಕೋಣೆಯಲ್ಲಿ ಯಾರೂ ಮಲಗಕೂಡದು, ಮಕ್ಕಳಂತೂ ಸರ್ವಥಾ ಕೂಡದು. ರಾತ್ರಿ ಸೊಪ್ಪು ಹಾಕಲು ಹೋಗುವವರು ಬಾಗಿಲನ್ನು ತೆರೆದು, ಸ್ವಲ್ಪ ಹೊತ್ತು ನಿಂತು ಒಳಹೋಗಬೇಕು. ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆಗೂ, ಕಿಂಡಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರಿಗೂ ಇದೇ ಮಾತು ಸಲ್ಲುತ್ತದೆ.

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಮ್ಮ ಒಕ್ಕಲುಗಳ ಹುಳುಮನೆಗಳನ್ನು ಮಾಗಿಗೆ ಮೊದಲೊಮ್ಮೆ ತಾವೇ ನೋಡಿ, ಕಿಂಡಿಯಿಲ್ಲದ ಗೋಡೆಗೆ ಕಿಂಡಿ ಹೊಡೆಯಿಸಬೇಕೆಂದು ಅರಿಕೆಮಾಡಿಕೊಳ್ಳುವೆನು. ಒಂದು ದಿನದ ಗಾರೆಕೆಲಸ ಅಷ್ಟೆ. ಯಾರಾದರೂ ಪ್ರಜ್ಞೆತಪ್ಪಿ ಬಿದ್ದಿದ್ದರೆ ಮೊದಲು ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಅವರನ್ನು ಬಯಲಿಗೆ ಹೊತ್ತು ತರಬೇಕು. ಬಾಯಿಗೆ ನೀರು ಮಜ್ಜಿಗೆಗಳನ್ನು ಹೊಯ್ಯಕೂಡದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ತುಸು ಚೇತರಿಸಿಕೊಂಡಂತೆ ಕಂಡರೂ ಬಿಡಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿಯುತ್ತಿತ್ತೆಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಬೇಕು. ಹೇಳದಿದ್ದರೆ ಅವರೂ ಇದನ್ನು ಬೇರೆ ರೋಗವೆಂದು ಎಣಿಸುವ ಸಂಭವವುಂಟು.