ಟೀಕೆಯ ಬಳಿಕವೂ ಕಳಚದ ನಂಟು

ಮದುವೆಯ ಊಟ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಶಾಮಿಯಾನವನ್ನು ಮರುದಿನವೇ ಬಿಚ್ಚುತ್ತಾರೆ. ನೆಂಟರು ಒಬ್ಬೊಬ್ಬರಾಗಿ ಊರು ಸೇರುತ್ತಾರೆ. ಕೊನೆಗೆ ಮನೆಯಲ್ಲಿ ಉಳಿಯುವುದು ಒಂದಿಷ್ಟು ಚಿತ್ರಗಳು. ಹದಿನೈದಿಪ್ಪತ್ತು ವರ್ಷಗಳ ಬಳಿಕ ಅವುಗಳ ಬೆಲೆ ಇನ್ನೂ ಹೆಚ್ಚುತ್ತದೆ. ಯಾಕೆಂದರೆ ಅದರಲ್ಲಿ ನಗುತ್ತಾ ಕುಳಿತ ಅಜ್ಜಿ ಈಗ ಇಲ್ಲ. ಅವರ ಮಡಿಲಲ್ಲಿದ್ದ ಮಗು ಈಗ ಕಾಲೇಜಿನ ಮೆಟ್ಟಿಲು ಹತ್ತಿದೆ.

ಈ ಚಿತ್ರಗಳನ್ನು ಕಾಯುವವರು ಯಾರು? ಹಿಂದೆ ಸ್ಟುಡಿಯೋದವರು ನೆಗೆಟಿವ್‌ಗಳನ್ನು ಡಬ್ಬಿಯಲ್ಲಿ ಹಾಕಿ, ಮೇಲೆ ಹೆಸರು ಬರೆದು ಇಡುತ್ತಿದ್ದರು. ಇಂದು ನೆಗೆಟಿವ್ ಇಲ್ಲ. ಬಹಳಷ್ಟು ವೃತ್ತಿಪರ ಛಾಯಾಗ್ರಾಹಕರು ಚಿತ್ರಗಳನ್ನು ಅಂತರ್ಜಾಲದಲ್ಲಿ ಯಾವುದೋ ಒಂದು ಕಂಪೆನಿಯ ಸುಪರ್ದಿಗೆ ಒಪ್ಪಿಸುತ್ತಾರೆ. ಆ ಕಂಪೆನಿ ಚಿತ್ರಗಳನ್ನು ಕಾಯುತ್ತದೆ, ಗ್ರಾಹಕರಿಗೆ ತೋರಿಸುತ್ತದೆ, ಬೇಕಾದವರಿಗೆ ಪ್ರಿಂಟ್ ಮಾಡಿಸಿ ಕಳುಹಿಸುತ್ತದೆ, ಹಣವನ್ನೂ ವಸೂಲು ಮಾಡಿಕೊಡುತ್ತದೆ. ಮದುಮಗಳ ಮನೆಯವರಿಗೆ ಆ ಕಂಪೆನಿಯ ಹೆಸರು ಕೂಡಾ ಗೊತ್ತಿರುವುದಿಲ್ಲ. ಆದರೆ ಅದು ಎಡವಿದರೆ ಮಾತು ಕೇಳಬೇಕಾದವರು ಛಾಯಾಗ್ರಾಹಕರೇ.

ಹೀಗಿರುವಾಗ, ಎಲ್ಲರಿಂದ ಬೈಸಿಕೊಂಡ ಒಂದು ಕಂಪೆನಿಯನ್ನು ಛಾಯಾಗ್ರಾಹಕರು ಬಿಡದೆ ಹಿಡಿದುಕೊಳ್ಳುವುದೇಕೆ? ಅಮೆರಿಕದ ಸ್ಮಗ್‌ಮಗ್ ಎಂಬ ಸಂಸ್ಥೆಯ ಕಥೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ತಂದೆ ಮಗನ ಅಂಗಡಿ

ಸ್ಮಗ್‌ಮಗ್ ಆರಂಭವಾದುದು 2002ರ ನವೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ತಂದೆ ಕ್ರಿಸ್ ಮ್ಯಾಕ್‌ಆಸ್ಕಿಲ್, ಮಗ ಡಾನ್ ಮ್ಯಾಕ್‌ಆಸ್ಕಿಲ್ ಸೇರಿ ಅದನ್ನು ಕಟ್ಟಿದರು. ಮೊದಲು ಅವರ ಮನಸ್ಸಿನಲ್ಲಿದ್ದುದು ವೀಡಿಯೋ ಆಟಗಳಿಗೆ ಸಂಬಂಧಿಸಿದ ಒಂದು ಸೇವೆ. ಅದು ಕ್ರಮೇಣ ಚಿತ್ರಗಳ ತಾಣವಾಗಿ ಬದಲಾಯಿತು. ದೊಡ್ಡ ಬಂಡವಾಳಗಾರರ ಹಣವಿಲ್ಲದೆ ಶುರುವಾದ ಸಂಸಾರದ ವ್ಯಾಪಾರ ಅದು.

ಅವರ ಲೆಕ್ಕಾಚಾರ ಸರಳವಾಗಿತ್ತು. ಕೆಲವು ದಿನ ಪುಕ್ಕಟೆಯಾಗಿ ಬಳಸಿ ನೋಡಿ, ಹಿಡಿಸಿದರೆ ವರ್ಷಕ್ಕೆ ಇಂತಿಷ್ಟು ಹಣ ಕೊಡಿ. ಇತರ ತಾಣಗಳು ಎಲ್ಲವನ್ನೂ ಉಚಿತವಾಗಿ ಕೊಟ್ಟು ಜಾಹೀರಾತಿನಿಂದ ಸಂಪಾದಿಸುತ್ತಿದ್ದ ಕಾಲದಲ್ಲಿ ಇದು ಹುಚ್ಚು ಸಾಹಸದಂತೆ ಕಂಡಿತು. ಆದರೆ ಛಾಯಾಗ್ರಾಹಕರಿಗೆ ಇದು ಹಿಡಿಸಿತು. ಗ್ರಾಹಕರ ಆಲ್ಬಂಗೆ ಪಾಸ್‌ವರ್ಡ್ ಹಾಕಬಹುದು. ಚಿತ್ರದ ನಡುವೆ ಬೇರೆ ಯಾರದೋ ಜಾಹೀರಾತು ಇಣುಕುವುದಿಲ್ಲ. ಗ್ರಾಹಕರು ಪ್ರಿಂಟ್ ಕೇಳಿದರೆ ಲ್ಯಾಬ್‌ನಿಂದ ನೇರವಾಗಿ ಅವರ ಮನೆಗೆ ತಲುಪುತ್ತದೆ. ಛಾಯಾಗ್ರಾಹಕರು ತಮ್ಮ ದರವನ್ನು ತಾವೇ ನಿಗದಿ ಮಾಡುತ್ತಾರೆ. ಪ್ರಿಂಟಿನ ಖರ್ಚು ಕಳೆದು ಉಳಿದ ಲಾಭದಲ್ಲಿ ಶೇ. 85 ಅವರಿಗೆ, ಶೇ. 15 ಕಂಪೆನಿಗೆ ಎಂಬ ಕ್ರಮ ನಡೆದುಬಂತು.

ಒಂದೇ ದಿನದ ಗಡುವು

ಈ ವ್ಯಾಪಾರದಲ್ಲಿರುವ ಭಯವೇನೆಂದು ಅರ್ಥವಾಗಬೇಕಾದರೆ 2008ರ ಒಂದು ಘಟನೆಯನ್ನು ನೋಡಬೇಕು. ನ್ಯೂಯಾರ್ಕ್‌ನಲ್ಲಿ ಡಿಜಿಟಲ್ ರೈಲ್‌ರೋಡ್ ಎಂಬ ಕಂಪೆನಿಯಿತ್ತು. ಪತ್ರಿಕೆಗಳಿಗೆ ಚಿತ್ರ ತೆಗೆಯುವ ಅನೇಕ ವೃತ್ತಿಪರರು ತಮ್ಮ ಸಂಗ್ರಹವನ್ನು ಅಲ್ಲಿಟ್ಟಿದ್ದರು. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಕಂಪೆನಿ ದಿಢೀರನೆ ಬಾಗಿಲು ಮುಚ್ಚಿತು. ಚಿತ್ರಗಳನ್ನು ತೆಗೆದುಕೊಳ್ಳಲು ಕೊಟ್ಟ ಸಮಯ ಕೇವಲ 24 ಗಂಟೆ! ಎಲ್ಲರೂ ಒಮ್ಮೆಲೇ ಮುಗಿಬಿದ್ದಾಗ ಅದರ ಸರ್ವರ್‌ಗಳು ತಡೆದುಕೊಳ್ಳಲಿಲ್ಲ. ಪ್ರತಿ ಇಟ್ಟುಕೊಂಡವರು ಬಚಾವಾದರು. ಕಂಪೆನಿಯನ್ನೇ ನಂಬಿ ಕುಳಿತವರ ಪಾಡು ಬೇರೆಯೇ ಆಯಿತು.

ಇದೊಂದೇ ಅಲ್ಲ. ಜಗತ್ತಿಗೆ ಫೋಟೋ ತೆಗೆಯುವುದನ್ನು ಕಲಿಸಿದ ಕೊಡಕ್ ಕಂಪೆನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಜುಲೈಯಲ್ಲಿ ಅದರ ಚಿತ್ರತಾಣವೂ ಮುಚ್ಚಿತು. ಅಲ್ಲಿದ್ದ ಚಿತ್ರಗಳು ಬೇರೊಂದು ಕಂಪೆನಿಯ ಕೈಗೆ ಹೋದವು. 2017ರಲ್ಲಿ ಫೋಟೋಬಕೆಟ್ ಎಂಬ ತಾಣ, ತನ್ನಲ್ಲಿಟ್ಟ ಚಿತ್ರಗಳು ಬೇರೆ ಜಾಲತಾಣಗಳಲ್ಲಿ ಕಾಣಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ಕೊಡಿ ಎಂದಿತು. ಅದುವರೆಗೆ ಪುಕ್ಕಟೆಯಾಗಿ ಕಾಣುತ್ತಿದ್ದ ಲೆಕ್ಕವಿಲ್ಲದಷ್ಟು ಚಿತ್ರಗಳ ಜಾಗದಲ್ಲಿ ಹಣ ಕಟ್ಟಲು ಹೇಳುವ ಸೂಚನೆ ಬಂದು ಕುಳಿತಿತು. ಒತ್ತೆ ಇಟ್ಟುಕೊಂಡು ಹಣ ಕೇಳಿದಂತಾಯಿತು ಎಂದು ಜನ ಸಿಡಿದೆದ್ದರು.

2012ರ ಸಿಟ್ಟು

ಸ್ಮಗ್‌ಮಗ್ ಕೂಡಾ ಟೀಕೆಯಿಂದ ತಪ್ಪಿಸಿಕೊಳ್ಳಲಿಲ್ಲ. 2012ರ ಆಗಸ್ಟ್ ಕೊನೆಯಲ್ಲಿ ಅದು ವೃತ್ತಿಪರರ ದರವನ್ನು ಬದಲಿಸಿತು. ಅದುವರೆಗೆ ವರ್ಷಕ್ಕೆ 150 ಡಾಲರ್‌ಗೆ ಸಿಗುತ್ತಿದ್ದ ಖಾತೆಯನ್ನು ಎರಡು ಮಾಡಿ, ವ್ಯಾಪಾರದ ಸೌಲಭ್ಯವೆಲ್ಲ ಬೇಕಾದ ಹೊಸಬರಿಗೆ 300 ಡಾಲರ್ ಎಂದು ಪ್ರಕಟಿಸಿತು. ಅಂದರೆ ಒಂದೇ ಏಟಿಗೆ ದುಪ್ಪಟ್ಟು. ಆಗಷ್ಟೇ ಕೆಲಸ ಆರಂಭಿಸಿದ್ದ, ವರ್ಷಕ್ಕೆ ನಾಲ್ಕೈದು ಮದುವೆ ಮಾತ್ರ ಸಿಗುವ ಸಣ್ಣ ಛಾಯಾಗ್ರಾಹಕರಿಗೆ ಇದು ದೊಡ್ಡ ಹೊಡೆತ. ಹಳೆಯ ಗ್ರಾಹಕರೇ ಬಹಿರಂಗವಾಗಿ ಛೀಮಾರಿ ಹಾಕಿದರು. ಬೇರೆ ಕಂಪೆನಿಗಳ ಕಡೆಗೆ ಗಂಟುಮೂಟೆ ಕಟ್ಟಿದವರೂ ಇದ್ದರು.

ಆದರೆ ಮಾಲಕರು ಬಾಯಿಮುಚ್ಚಿ ಕೂರಲಿಲ್ಲ. ಕ್ಯಾಮೆರಾಗಳು ಸುಧಾರಿಸಿದಂತೆ ಒಂದೊಂದು ಚಿತ್ರದ ಗಾತ್ರವೂ ಹಿಗ್ಗುತ್ತಿತ್ತು. ವೃತ್ತಿಪರರು ತೆಗೆಯುವ ಚಿತ್ರಗಳ ಸಂಖ್ಯೆಯೂ ಬೆಳೆಯುತ್ತಿತ್ತು. ಮಿತಿಯಿಲ್ಲದ ಜಾಗ ಕೊಡುತ್ತೇವೆಂದು ಮಾತು ಕೊಟ್ಟವರ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಇದನ್ನೇ ಅವರು ಗ್ರಾಹಕರ ಮುಂದಿಟ್ಟರು. ಎಲ್ಲರೂ ಒಪ್ಪಿದರೆಂದಲ್ಲ. ಆದರೆ ಲೆಕ್ಕ ಬಲ್ಲವರಿಗೆ ಒಂದು ಮಾತು ಹೊಳೆಯಿತು. ದರ ಏರಿಸದೆ ನಷ್ಟದಲ್ಲಿ ನಡೆದು ಒಂದು ದಿನ 24 ಗಂಟೆಯ ಗಡುವು ಕೊಡುವ ಕಂಪೆನಿಗಿಂತ, ಇಂದೇ ಮುಖ ಕೆಡಿಸಿಕೊಂಡು ನಾಳೆಯೂ ಬಾಗಿಲು ತೆರೆದಿಡುವ ಕಂಪೆನಿ ಮೇಲಲ್ಲವೇ?

ಉಚಿತದ ಬೆಲೆ

ಎರಡನೆಯ ಬಿರುಗಾಳಿ ಎದ್ದುದು ಫ್ಲಿಕರ್‌ನಿಂದ. 2004ರಲ್ಲಿ ಹುಟ್ಟಿದ ಈ ಪ್ರಸಿದ್ಧ ಚಿತ್ರತಾಣವನ್ನು 2005ರಲ್ಲಿ ಯಾಹೂ ಕೊಂಡಿತು. 2013ರಲ್ಲಿ ಪ್ರತಿಯೊಬ್ಬರಿಗೂ ಒಂದು ಟೆರಾಬೈಟ್ ಜಾಗ ಉಚಿತ ಎಂದು ಘೋಷಿಸಿತು. ಸಾಧಾರಣ ಗಾತ್ರದ ಚಿತ್ರಗಳಾದರೆ ಲಕ್ಷಗಟ್ಟಲೆ ತುಂಬಬಹುದಾದ ಜಾಗ! 2017ರಲ್ಲಿ ಯಾಹೂ ವೆರಿಝಾನ್ ಕಂಪೆನಿಯ ಪಾಲಾಯಿತು. 2018ರ ಎಪ್ರಿಲ್‌ನಲ್ಲಿ ಸ್ಮಗ್‌ಮಗ್ ಫ್ಲಿಕರನ್ನು ಕೊಂಡುಕೊಂಡಿತು.

ಅದೇ ವರ್ಷ ನವೆಂಬರ್ 1ರಂದು ಹೊಸ ಮಾಲಕರ ಪ್ರಕಟಣೆ ಬಂತು. ಇನ್ನು ಉಚಿತ ಖಾತೆಯಲ್ಲಿ 1000 ಚಿತ್ರ ಮಾತ್ರ. ಹೆಚ್ಚು ಬೇಕಾದವರು ಹಣ ಕೊಡಬೇಕು. ಇಲ್ಲವಾದರೆ ಮುಂದಿನ ಫೆಬ್ರವರಿಯಿಂದ ಹೆಚ್ಚುವರಿ ಚಿತ್ರಗಳನ್ನು ಅಳಿಸಲಾಗುವುದು.

ಟೀಕೆಯ ಸುರಿಮಳೆಯೇ ಆಯಿತು. ಒಬ್ಬರು ಕೊಟ್ಟ ಮಾತನ್ನು ಇನ್ನೊಬ್ಬರು ಮುರಿಯಬಹುದೇ? ಎಲ್ಲರೂ ಬಳಸಲೆಂದು ಮುಕ್ತ ಪರವಾನಿಗೆಯಲ್ಲಿ ಕೊಟ್ಟ ಚಿತ್ರಗಳ ಗತಿಯೇನು? ತೀರಿಹೋದವರ ಖಾತೆಗೆ ಹಣ ಕಟ್ಟುವವರು ಯಾರು? ಈ ಕೊನೆಯ ಪ್ರಶ್ನೆ ಯಾವ ಮನಸ್ಸನ್ನೂ ತಟ್ಟುವಂಥದ್ದು.

ಕಂಪೆನಿ ಈ ಟೀಕೆಗಳಿಗೆ ಕಿವಿಗೊಟ್ಟ ರೀತಿ ಗಮನಾರ್ಹ. ಮುಕ್ತ ಪರವಾನಿಗೆಯ ಹಳೆಯ ಚಿತ್ರಗಳನ್ನು ಮುಟ್ಟುವುದಿಲ್ಲ ಎಂದು ಕೆಲವೇ ದಿನಗಳಲ್ಲಿ ಸ್ಪಷ್ಟಪಡಿಸಿತು. ಚಿತ್ರಗಳನ್ನು ಇಳಿಸಿಕೊಳ್ಳಲು ತೊಡಕಾಗುತ್ತಿದೆ ಎಂಬ ದೂರು ಬಂದಾಗ ಗಡುವನ್ನು ಮಾರ್ಚ್ 12ರವರೆಗೆ ಮುಂದೂಡಿತು. 2019ರ ಮಾರ್ಚ್‌ನಲ್ಲಿ, ಅಂತಹ ಎಲ್ಲ ಮುಕ್ತ ಚಿತ್ರಗಳಿಗೂ ರಕ್ಷಣೆ ಕೊಡುವುದಾಗಿ ಹೇಳಿತು. ತೀರಿಹೋದ ಸದಸ್ಯರಿಗಾಗಿ ನೆನಪಿನ ಖಾತೆ ಎಂಬ ಹೊಸ ವ್ಯವಸ್ಥೆಯನ್ನೂ ಮಾಡಿತು. ಅವರ ಚಂದಾ ಮುಗಿದರೂ ಎಲ್ಲರಿಗೂ ಕಾಣುವಂತೆ ಇಟ್ಟಿದ್ದ ಅವರ ಚಿತ್ರಗಳು ಉಳಿಯುತ್ತವೆ.

ಆ ವರ್ಷ ಡಿಸೆಂಬರ್‌ನಲ್ಲಿ ಡಾನ್ ಮ್ಯಾಕ್‌ಆಸ್ಕಿಲ್ ಸದಸ್ಯರಿಗೆ ಒಂದು ಬಹಿರಂಗ ಪತ್ರ ಬರೆದರು. ಫ್ಲಿಕರ್ ಈಗಲೂ ನಷ್ಟದಲ್ಲಿದೆ, ನಿಮ್ಮ ಖಾಸಗಿ ಮಾಹಿತಿಯನ್ನು ಮಾರಿ ಬದುಕಲು ನಾವಿದನ್ನು ಕೊಂಡಿಲ್ಲ, ಸಾಧ್ಯವಿದ್ದವರು ಚಂದಾದಾರರಾಗಿ ಎಂಬುದು ಅದರ ಸಾರಾಂಶ. ನಷ್ಟವನ್ನು ಹೀಗೆ ಬಾಯಿಬಿಟ್ಟು ಹೇಳುವ ವ್ಯಾಪಾರಿಗಳು ಅಪರೂಪ.

ನಿಷ್ಠೆಯೋ, ಕಟ್ಟುಬಿದ್ದಿರುವುದೋ?

ಈಗ ಛಾಯಾಗ್ರಾಹಕರ ಕಡೆಯಿಂದ ಯೋಚಿಸೋಣ. ಹತ್ತು ವರ್ಷ ಕೆಲಸ ಮಾಡಿದ ಒಬ್ಬ ಮಹಿಳೆ ವರ್ಷಕ್ಕೆ 25 ಮದುವೆಗಳನ್ನು, ಒಂದೊಂದು ಮದುವೆಗೆ 800 ಚಿತ್ರಗಳಂತೆ ತೆಗೆದಿದ್ದಾರೆ ಎಂದಿಟ್ಟುಕೊಳ್ಳಿ. ಒಟ್ಟು 2 ಲಕ್ಷ ಚಿತ್ರಗಳಾದವು. ಅವನ್ನು ಬೇರೆಡೆಗೆ ಸಾಗಿಸುವುದೆಂದರೆ ತಿಂಗಳುಗಟ್ಟಲೆಯ ಕೆಲಸ. ಹಳೆಯ ಗ್ರಾಹಕರಿಗೆ ಕೊಟ್ಟ ವಿಳಾಸಗಳೆಲ್ಲ ನಿರುಪಯೋಗಿಯಾಗುತ್ತವೆ. ಪಾಸ್‌ವರ್ಡ್, ದರಪಟ್ಟಿ, ಆಲ್ಬಂ ಜೋಡಣೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಇಷ್ಟು ಕಷ್ಟಕ್ಕೆ ಹೆದರಿ ಉಳಿದರೆ ಅದು ನಿಷ್ಠೆಯಲ್ಲ, ಕಟ್ಟುಬಿದ್ದಿರುವುದು. ಉಳಿದವರಲ್ಲಿ ಹಲವರು ಹೀಗೆ ಉಳಿದಿರಬಹುದು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಹಾಗಾದರೆ ನಿಜವಾದ ನಿಷ್ಠೆಯನ್ನು ಗುರುತಿಸುವುದು ಹೇಗೆ? ಹೊರಗೆ ಹೋಗುವ ಬಾಗಿಲು ತೆರೆದಿದ್ದರೂ ಒಳಗೇ ಉಳಿಯುವುದು ನಿಷ್ಠೆ. ಆ ಮಹಿಳೆಯ ಬಳಿ ಎಲ್ಲ ಚಿತ್ರಗಳ ಪ್ರತಿ ಇದೆ. ಬೇಕೆಂದಾಗ ಮೂಲ ಚಿತ್ರಗಳನ್ನು ಇಳಿಸಿಕೊಳ್ಳಲು ಕಂಪೆನಿಯೂ ಅಡ್ಡಿಮಾಡುವುದಿಲ್ಲ. ಆದರೂ ಅವರು ಬಿಡುವುದಿಲ್ಲವೆಂದರೆ ಅದಕ್ಕೆ ಕಾರಣಗಳಿರಬೇಕು. ದರ ಏರಿತು, ಆದರೆ ಚಿತ್ರ ಕಳೆದುಹೋಗಲಿಲ್ಲ. ಕಾರಣ ಕೇಳಿದಾಗ ಮಾಲಕರೇ ಉತ್ತರ ಕೊಟ್ಟರು. ಟೀಕೆಯಲ್ಲಿ ಹುರುಳಿದ್ದ ಕಡೆ ನಿಯಮವನ್ನು ತಿದ್ದಿದರು. ಹಣ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಮುಚ್ಚುಮರೆಯಿರಲಿಲ್ಲ.

ವ್ಯಾಪಾರದಲ್ಲಿ ಏರಿದ ದರವನ್ನು ಮನ್ನಿಸಬಹುದು, ಸಮಜಾಯಿಷಿ ಕೊಟ್ಟರೆ ಇನ್ನೂ ಬೇಗ ಮನ್ನಿಸಬಹುದು. ಆದರೆ ಕಾಯಲು ಕೊಟ್ಟ ಅಮಾನತ್ತನ್ನು ಕಳೆದವರನ್ನು ಯಾವ ವಿವರಣೆಯೂ ಕಾಪಾಡದು. ಛಾಯಾಗ್ರಾಹಕರ ನಿಷ್ಠೆಯ ಗುಟ್ಟು ಇಲ್ಲಿದೆ.

ನಮ್ಮ ಮನೆಯ ಚಿತ್ರಗಳು

ಇದು ದೂರದ ಅಮೆರಿಕದ ಸಂಗತಿ, ನಮಗೇನು ಎನ್ನುವಂತಿಲ್ಲ. ನಮ್ಮ ಮೊಬೈಲ್‌ನಲ್ಲಿರುವ ಮಕ್ಕಳ ಚಿತ್ರಗಳೂ ಯಾವುದೋ ಕಂಪೆನಿಯ ಸರ್ವರ್‌ನಲ್ಲಿವೆ. ಗೂಗಲ್ ಫೋಟೋಸ್ 2015ರಲ್ಲಿ ಎಷ್ಟು ಬೇಕಾದರೂ ಉಚಿತವಾಗಿ ತುಂಬಿ ಎಂದಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಅಂದಿನಿಂದ ತುಂಬುವ ಚಿತ್ರಗಳನ್ನು ಇಮೇಲ್ ಮುಂತಾದವುಗಳ ಜೊತೆಗೆ 15 ಜಿಬಿಯ ಲೆಕ್ಕಕ್ಕೆ ಸೇರಿಸಲಾಯಿತು.

ನಮ್ಮ ಮದುವೆಗಳಲ್ಲಿ ಹೆಂಗಸರ ಕಡೆಯ ಚಿತ್ರಗಳನ್ನು ತೆಗೆಯಲು ಮಹಿಳಾ ಛಾಯಾಗ್ರಾಹಕರೇ ಬೇಕೆಂದು ಕೇಳುವ ಮನೆಗಳು ಬಹಳ. ಕ್ಯಾಮೆರಾ ಹಿಡಿದವರು ಯಾರೆಂದು ವಿಚಾರಿಸುವ ನಾವು, ಆ ಚಿತ್ರಗಳು ಆಮೇಲೆ ಎಲ್ಲಿಗೆ ಹೋಗುತ್ತವೆಂದು ಕೇಳುತ್ತೇವೆಯೇ? ಮುಂಗಡ ಕೊಡುವ ಮೊದಲೇ ನಾಲ್ಕು ಮಾತು ಕೇಳಿ. ಚಿತ್ರಗಳನ್ನು ಎಲ್ಲಿ ಇಡುತ್ತೀರಿ? ಪಾಸ್‌ವರ್ಡ್ ಇದೆಯೇ, ಅದು ಯಾರ ಬಳಿ ಇರುತ್ತದೆ? ಎಷ್ಟು ವರ್ಷ ಕಾದಿಡುತ್ತೀರಿ? ನಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಪ್ರಚಾರಕ್ಕೆ ಬಳಸುವುದಿಲ್ಲ ತಾನೇ? ಒಳ್ಳೆಯ ಛಾಯಾಗ್ರಾಹಕರಿಗೆ ಈ ಪ್ರಶ್ನೆಗಳಿಂದ ಬೇಸರವಾಗದು.

ಮನೆಯಲ್ಲಿ ಪಾಲಿಸಲು ಛಾಯಾಗ್ರಾಹಕರದೇ ಒಂದು ಸೂತ್ರವಿದೆ. ಪೀಟರ್ ಕ್ರೋಗ್ ಎಂಬ ಅಮೆರಿಕನ್ ಛಾಯಾಗ್ರಾಹಕ ಇದನ್ನು ಜನಪ್ರಿಯಗೊಳಿಸಿದರು. 3-2-1 ಎಂದು ನೆನಪಿಟ್ಟರೆ ಸಾಕು. ಪ್ರತಿ ಚಿತ್ರದ 3 ಪ್ರತಿಗಳಿರಲಿ. ಅವು 2 ಬಗೆಯ ಸಾಧನಗಳಲ್ಲಿರಲಿ. ಅದರಲ್ಲಿ 1 ಪ್ರತಿ ಮನೆಯಿಂದ ಹೊರಗಿರಲಿ. ಒಂದು ಹಾರ್ಡ್ ಡಿಸ್ಕ್ ನಿಮ್ಮ ಕಪಾಟಿನಲ್ಲಿ, ಒಂದು ಪ್ರತಿ ಅಂತರ್ಜಾಲದಲ್ಲಿ, ಇನ್ನೊಂದು ತವರಿನಲ್ಲಿದ್ದರೆ ನೆರೆ ಬಂದರೂ, ಮೊಬೈಲ್ ಕಳೆದರೂ, ಕಂಪೆನಿ ಮುಚ್ಚಿದರೂ ನೆನಪುಗಳು ಉಳಿಯುತ್ತವೆ.

ಟೀಕೆ ಬಂದ ಮಾತ್ರಕ್ಕೆ ಒಂದು ಸೇವೆಯನ್ನು ಬಿಡಬೇಕೆಂದಿಲ್ಲ. ಹೆಸರು ದೊಡ್ಡದೆಂದು ಕಣ್ಣುಮುಚ್ಚಿ ನಂಬಬೇಕೆಂದೂ ಇಲ್ಲ. ಟೀಕೆ ಬಂದಾಗ ಅವರು ಹೇಗೆ ನಡೆದುಕೊಂಡರು ಎಂಬುದನ್ನು ನೋಡಬೇಕು. ಜೊತೆಗೆ ನಮ್ಮದೊಂದು ಪ್ರತಿ ನಮ್ಮ ಕೈಯಲ್ಲಿರಬೇಕು. ಆಗ ಉಳಿಯುವುದೂ ಹೊರಡುವುದೂ ನಮ್ಮ ಇಷ್ಟ.