ಮನೆ ಲೈಸೆನ್ಸ್ ಕೊಡೋರು ನೀರು ಎಲ್ಲಿವರೆಗೆ ಬರುತ್ತೆ ಅಂತ ಕೇಳೋದೇ ಇಲ್ಲ!

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಯಾವ ವಾಟ್ಸಾಪ್ ಗ್ರೂಪಲ್ಲಿ ಇದ್ರೂ ಒಂದು ಫೋಟೊ ಬಂದೇ ಬರುತ್ತೆ: ತುಂಗೆಯ ರಾಮ ಮಂಟಪ, ಅದರ ಸುತ್ತ ಕೆಂಪು ನೀರು. 'ಮಂಟಪ ಮುಳುಗ್ತಂತೆ' ಅಂದ್ರೆ ಸಾಕು, ಹೊಳೆ ಎಷ್ಟು ಬಂದಿದೆ ಅಂತ ಎಲ್ಲರಿಗೂ ಅರ್ಥವಾಗುತ್ತೆ. ಪ್ರತಿ ಊರಲ್ಲೂ ಇಂಥದ್ದೊಂದು ಅಳತೆ ಇದೆ. ಒಂದು ಕಡೆ ಸೇತುವೆಯ ಕಂಬ, ಇನ್ನೊಂದು ಕಡೆ ಹಳ್ಳದ ದಂಡೆಯ ಮಾವಿನ ಮರ. ಊರಿಗೆಲ್ಲ ಗೊತ್ತಿರೋ ಈ ಅಳತೆ, ಮನೆ ಕಟ್ಟೋಕೆ ಪರವಾನಗಿ ಕೊಡುವ ಕಡತದಲ್ಲಿ ಮಾತ್ರ ಇಲ್ಲ. ಯಾಕೆ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಹೊಸನಗರ ತಾಲ್ಲೂಕಿನಲ್ಲಿರೋ ನಮ್ಮ ಚಿಕ್ಕಮ್ಮನ ಮನೆಯಿಂದ. ಒಂದು ಆಗಸ್ಟ್ ರಾತ್ರಿ ಹಳ್ಳ ಉಕ್ಕಿ ಅಂಗಳ ದಾಟಿತು, ಬೆಳಗಾಗೋದ್ರಲ್ಲಿ ಅಡುಗೆಮನೆ ಗೋಡೆ ಮಲಗಿತ್ತು. ಅಧಿಕಾರಿಗಳು ಬಂದ್ರು, ಫೋಟೊ ತೆಗೆದ್ರು. ಆಮೇಲೆ ಗೊತ್ತಾಯ್ತು, ಕಡತದಲ್ಲಿ ಬರೆದಿದ್ದು ಒಂದೇ ಪದ: 'ಅನಧಿಕೃತ'. ಮೂವತ್ತು ವರ್ಷ ಕಂದಾಯ ಕಟ್ಟಿದ, ಕರೆಂಟ್ ಮೀಟರ್ ಇರೋ, ಮತದಾರರ ಪಟ್ಟಿಯಲ್ಲಿ ನಂಬರ್ ಇರೋ ಮನೆ ಅದು.

ಲೈಸೆನ್ಸ್‌ಗೆ ಏನೇನು ಬೇಕು?

ಹಳ್ಳಿಯಲ್ಲಿ ಮನೆ ಕಟ್ಟಬೇಕಾದ್ರೆ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳೊಳಗಾದ್ರೆ 1964ರ ಪುರಸಭೆಗಳ ಕಾಯ್ದೆ ಅನ್ವಯ. ಜಾಗ ಕೃಷಿ ಜಮೀನಾಗಿದ್ರೆ ಅದಕ್ಕೂ ಮೊದಲು ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಪರಿವರ್ತನೆ ಆಗಬೇಕು. ಆಮೇಲೆ ಇ-ಸ್ವತ್ತಿನ ಫಾರಂ 9 ಮತ್ತು 11, ನಕ್ಷೆ, ಕಂದಾಯದ ರಸೀದಿ.

ನಾನು ನೋಡಿದ ಅಷ್ಟೂ ಅರ್ಜಿಗಳು ಕೇಳೋದು ಎರಡೇ ವಿಷಯ: ಜಾಗ ಯಾರದ್ದು, ರಸ್ತೆಗೆ ಎಷ್ಟು ಜಾಗ ಬಿಟ್ಟಿದ್ದೀರಿ. ಹಳ್ಳ ಎಷ್ಟು ದೂರ, 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು, ಹಿಂದಿನ ಧರೆ ಎಷ್ಟು ಎತ್ತರ ಅನ್ನೋ ಕಾಲಂ ಯಾವುದರಲ್ಲೂ ಇರಲಿಲ್ಲ. ದಾಖಲೆ ಸರಿ ಇದ್ರೆ ಹೊಳೆ ಪಾತ್ರದ ಗದ್ದೆ ತುಂಬಿಸಿ ಮಾಡಿದ ಸೈಟಿಗೂ ಲೈಸೆನ್ಸ್ ಸಿಗುತ್ತೆ. ದಾಖಲೆ ಇಲ್ದಿದ್ರೆ ಗುಡ್ಡದ ಗಟ್ಟಿ ನೆಲದ ಮೇಲಿನ ಮನೆಗೂ ಇಲ್ಲ.

ಹಾಗಾದ್ರೆ ನಿಯಮವೇ ಇಲ್ವಾ?

ಇದೆ. ಕೇಂದ್ರ ಜಲ ಆಯೋಗ 1975ರಲ್ಲೇ ಪ್ರವಾಹ ಬಯಲುಗಳನ್ನು ವಲಯಗಳಾಗಿ ಗುರುತಿಸುವ ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳಿಸಿತ್ತು. ಹೊಳೆಗೆ ತೀರಾ ಹತ್ತಿರ ಕಟ್ಟೋದೇ ಬೇಡ, ಸ್ವಲ್ಪ ದೂರದಲ್ಲಿ ಷರತ್ತಿನ ಮೇಲೆ ಕಟ್ಟಿ ಅನ್ನೋದು ಅದರ ಸಾರ. ಮಣಿಪುರ, ರಾಜಸ್ಥಾನ, ಜಮ್ಮು-ಕಾಶ್ಮೀರ, ಉತ್ತರಾಖಂಡಗಳು ಅದನ್ನು ಕಾಯ್ದೆ ಮಾಡಿಕೊಂಡವು. ಆ ಪಟ್ಟಿಯಲ್ಲಿ ಕರ್ನಾಟಕ ಇಲ್ಲ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಮಾರ್ಗಸೂಚಿ ಇನ್ನೂ ಸ್ಪಷ್ಟವಾಗಿದೆ. ಆಸ್ಪತ್ರೆ, ವಿದ್ಯುತ್ ಕೇಂದ್ರದಂಥವು 100 ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ವಾಸದ ಮನೆ, ಸರ್ಕಾರಿ ಕಚೇರಿಗಳಿಗೆ 25 ವರ್ಷದ ನೆರೆಯ ಮಟ್ಟ. ಕಟ್ಟಡದ ಪಂಚಾಂಗ ಮುಳುಗಡೆ ಗೆರೆಗಿಂತ 0.6 ಮೀಟರ್, ಅಂದ್ರೆ ಎರಡು ಅಡಿ ಎತ್ತರ ಇರಬೇಕು.

'25 ವರ್ಷದ ನೆರೆ' ಅಂದ್ರೆ ಒಮ್ಮೆ ಬಂದು ಹೋದ್ರೆ ಇನ್ನು 25 ವರ್ಷ ನಿಶ್ಚಿಂತೆ ಅಂತಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇ. 4 ಅಂತ. ಅಷ್ಟೇನಾ ಅನ್ನಿಸಬಹುದು. ಆದ್ರೆ 30 ವರ್ಷದ ಗೃಹಸಾಲ ತೀರೋದ್ರೊಳಗೆ ಒಮ್ಮೆಯಾದ್ರೂ ಬರುವ ಸಾಧ್ಯತೆ ಲೆಕ್ಕ ಹಾಕಿದ್ರೆ ಸುಮಾರು ಶೇ. 70. ಸಾಲದ ಕಂತು ಮುಗಿಯೋ ಮೊದಲು ನೀರು ಮನೆಗೆ ಬರೋದೇ ಹೆಚ್ಚು ಸಂಭವ!

ಇದೆಲ್ಲ ಮಾರ್ಗಸೂಚಿ ಅಷ್ಟೇ. ರಾಜ್ಯ ತನ್ನ ನಿಯಮಗಳಲ್ಲಿ ಸೇರಿಸಿ, ಊರೂರಿನ ನೆರೆ ಮಟ್ಟವನ್ನು ನಕ್ಷೆಯಲ್ಲಿ ಗುರುತಿಸಿ ಕೊಡದಿದ್ರೆ ಪಿಡಿಒ ಆದ್ರೂ ಯಾವ ಗೆರೆ ನೋಡಿ 'ಎರಡು ಅಡಿ ಮೇಲೆ ಕಟ್ಟಿ' ಅಂತ ಹೇಳ್ಬೇಕು?

ಮಲೆನಾಡಿನ ನೆರೆ ಬರೀ ಹೊಳೆಯದ್ದಲ್ಲ

ಉತ್ತರ ಕರ್ನಾಟಕದ ಹಾಗೆ ನಮ್ಮಲ್ಲಿ ನೀರು ವಾರಗಟ್ಟಲೆ ನಿಲ್ಲೋದು ಕಡಿಮೆ, ವರದಾ ತೀರದ ಗದ್ದೆಗಳ ಮಾತು ಬೇರೆ. ಆಗುಂಬೆಯಲ್ಲಿ ಸರಾಸರಿ ವಾರ್ಷಿಕ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಇಂಥ ಕಡೆ ನೀರು ಮೇಲಿಂದಲೂ ಬರುತ್ತೆ, ಮಣ್ಣಾಗಿ ಬರುತ್ತೆ. 2019ರ ಆಗಸ್ಟಿನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಕುಸಿದು ಗದ್ದೆ-ತೋಟಗಳ ಮೇಲೆ ಹರಿದಿದ್ದು ನೆನಪಿರಬಹುದು.

ಹಿಂದಿನವರು ಗದ್ದೆಯನ್ನು ನೀರಿಗೆ ಬಿಟ್ಟು, ಹಕ್ಕಲಿನ ಅಂಚಲ್ಲಿ ಎತ್ತರದ ಪಂಚಾಂಗ ಹಾಕಿ ಮನೆ ಕಟ್ತಿದ್ರು. ಈಗ ರಸ್ತೆ ಪಕ್ಕ ಜಾಗ ಬೇಕು. ಜೆಸಿಬಿ ಒಂದೇ ದಿನದಲ್ಲಿ ಹದಿನೈದು ಅಡಿ ಧರೆ ಕಡಿದು ಕೊಡುತ್ತೆ. ಆ ಮಣ್ಣು ಪಕ್ಕದ ಹಳ್ಳಕ್ಕೋ ಗದ್ದೆಗೋ ಹೋಗುತ್ತೆ. ಅಂದ್ರೆ ಒಂದೇ ಕೆಲಸದಿಂದ ಮನೆ ಹಿಂದೆ ಕುಸಿತ, ಕೆಳಗಿನವರ ಮನೆಗೆ ನೆರೆ. ಕಡಿದ ಧರೆಗೆ ತಡೆಗೋಡೆ ಬೇಕು, ಗೋಡೆಯಲ್ಲಿ ನೀರು ಬಸಿಯೋಕೆ ತೂತು ಬೇಕು, ಮೇಲ್ಗಡೆ ನೀರು ತಿರುಗಿಸೋ ಕಾಲುವೆ ಬೇಕು. ಇದು ಪ್ರತಿ ಮೇಸ್ತ್ರಿಗೂ ಗೊತ್ತು. ಲೈಸೆನ್ಸಿನ ಷರತ್ತಾಗಿದ್ದನ್ನು ಮಾತ್ರ ನಾನು ಕಂಡಿಲ್ಲ.

'ನಿಯಮ ಬಿಗಿ ಮಾಡಿ' ಅಂದ್ರೆ ಸಾಕಾ?

ಸಾಲದು. ಚಿಕ್ಕಮ್ಮನ ಗಂಡನ ಮನೆಯವರು ಮೂಲತಃ ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ರಾಜ್ಯಕ್ಕೆ ಬೆಳಕು ಬಂತು, ಇವರಿಗೆ ಕಾಡಿನ ಅಂಚಲ್ಲಿ ಜಾಗ ತೋರಿಸಿದ್ರು. ಆ ಜಾಗ ದಾಖಲೆಯಲ್ಲಿ ಅರಣ್ಯವಾಗೇ ಉಳೀತು. ಮುಂದೆ ರಾಜ್ಯ ಸರ್ಕಾರ ಇಂಥ ಜಮೀನುಗಳನ್ನು ಅರಣ್ಯದಿಂದ ಕೈಬಿಟ್ಟು ಹೊರಡಿಸಿದ ಅಧಿಸೂಚನೆಗಳು 2021ರಲ್ಲಿ ಹೈಕೋರ್ಟಿನಲ್ಲಿ ರದ್ದಾದವು, ಯಾಕಂದ್ರೆ ಕೇಂದ್ರದ ಅನುಮತಿ ಪಡೆದಿರಲಿಲ್ಲ. ಹಕ್ಕುಪತ್ರ ಇಲ್ದೆ ಫಾರಂ 9 ಇಲ್ಲ, ಅದಿಲ್ದೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ದಿದ್ರೆ ಬ್ಯಾಂಕ್ ಸಾಲ ಇಲ್ಲ. ಸಾಲ ಇಲ್ಲ ಅಂದ್ರೆ ಗಟ್ಟಿ ಪಂಚಾಂಗ ಎಲ್ಲಿಂದ ಬರಬೇಕು?

ಕೊನೆಗೆ ನೆರೆ ಬಂದಾಗ ವಿಪತ್ತು ಪರಿಹಾರ ನಿಧಿಯ ಮಾನದಂಡ ಎದುರಾಗುತ್ತೆ. 2022ರಲ್ಲಿ ಪರಿಷ್ಕರಿಸಿದ ಲೆಕ್ಕದಲ್ಲಿ ಬಯಲುಸೀಮೆಯ ಪೂರ್ತಿ ಬಿದ್ದ ಮನೆಗೆ 1.2 ಲಕ್ಷ, ಗುಡ್ಡಗಾಡಿನದ್ದಕ್ಕೆ 1.3 ಲಕ್ಷ ರೂಪಾಯಿ. ಆದ್ರೆ ಮನೆ 'ಅಧಿಕೃತ ನಿರ್ಮಾಣ' ಅಂತ ಪ್ರಮಾಣೀಕರಿಸಬೇಕು. ಅನಧಿಕೃತ ಮನೆಗಳಿಗೆ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಅಷ್ಟಿಷ್ಟು ಕೊಟ್ಟಿದ್ದುಂಟು, ಅದು ಆಯಾ ವರ್ಷದ ಆದೇಶ, ಹಕ್ಕಲ್ಲ. ನಾಡಿಗೆ ಬೆಳಕು ಕೊಡೋಕೆ ಒಮ್ಮೆ ಮುಳುಗಿದವರು, ಎರಡನೇ ಸಲ ಮುಳುಗಿದಾಗ ಕಾನೂನಿನ ಕಣ್ಣಿಗೆ ಅತಿಕ್ರಮಣಕಾರರು!

ಇದಕ್ಕೇ ನಮ್ಮೂರಲ್ಲಿ 'ನಿಯಮ' ಅಂದ್ರೆ ಭಯ. ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಬಂದಾಗಲೆಲ್ಲ 'ಇನ್ನು ಮನೆ ರಿಪೇರಿಗೂ ಬಿಡಲ್ಲ' ಅಂತ ಭಾಷಣ ಮಾಡ್ತಾರೆ. 2024ರ ಜುಲೈ ಕರಡನ್ನು ತೆಗೆದು ಓದಿ. ನಿಷೇಧ ಇರೋದು 20,000 ಚದರ ಮೀಟರಿಗಿಂತ ದೊಡ್ಡ ನಿರ್ಮಾಣಗಳಿಗೆ. ಅದು ಎರಡು ಲಕ್ಷ ಚದರ ಅಡಿಗೂ ಹೆಚ್ಚು. ಯಾವ ಚಿಕ್ಕಮ್ಮನ ಮನೆ ಅಷ್ಟು ದೊಡ್ಡದಿದೆ?

ನನಗೆ ಅನ್ನಿಸೋದು ಇಷ್ಟು. ಜಾಗ ಯಾರದ್ದು ಅನ್ನೋ ಪ್ರಶ್ನೆಯನ್ನೂ, ಮನೆ ಸುರಕ್ಷಿತವಾ ಅನ್ನೋ ಪ್ರಶ್ನೆಯನ್ನೂ ಬೇರೆ ಬೇರೆ ಮಾಡಬೇಕು. ಪಟ್ಟಾ ಇದ್ದವರ ಸೈಟಿಗೂ ನೀರಿನ ಗೆರೆ ತೋರಿಸಿ. ಪಟ್ಟಾ ಇಲ್ಲದವರಿಗೂ ಎತ್ತರದ ಪಂಚಾಂಗ, ತಡೆಗೋಡೆ ಕಟ್ಟೋಕೆ ನೆರವು ಕೊಡಿ. ವಾಸಕ್ಕೆ ಆಗದ ಜಾಗ ಅಂತಾದ್ರೆ ಬೇರೆ ಜಾಗ ಕೊಡಿ.

ಶುರು ಮಾಡೋಕೆ ಕಾಯ್ದೆ ಬರೋವರೆಗೆ ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆಗೆ ಹೋಗಿ, 2019ರಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ಊರಿನ ಹಿರಿಯರಿಂದ ಹೇಳಿಸಿ, ಸರ್ವೆ ನಂಬರ್ ಸಮೇತ ನಡಾವಳಿ ಪುಸ್ತಕದಲ್ಲಿ ಬರೆಸಿ. ಒಮ್ಮೆ ಬರೆದ ಮೇಲೆ, ಆ ಗೆರೆಯೊಳಗೆ ಲೈಸೆನ್ಸ್ ಕೊಡೋರು ಯಾಕೆ ಕೊಟ್ಟೆವು ಅಂತ ಉತ್ತರ ಹೇಳಬೇಕಾಗುತ್ತೆ.

ಚಿಕ್ಕಮ್ಮ ಅಡುಗೆಮನೆ ಗೋಡೆ ಮತ್ತೆ ಎಬ್ಬಿಸಿದ್ದಾರೆ, ಸಂಘದ ಸಾಲದಲ್ಲಿ. ಈ ಸಲ ಎರಡು ಅಡಿ ಎತ್ತರಿಸಿ. ಮಾರ್ಗಸೂಚಿ ಅವರು ಓದಿಲ್ಲ. ಗೋಡೆಯಲ್ಲಿ ನೀರಿನ ಕಲೆ ಎಲ್ಲಿವರೆಗಿತ್ತು ಅಂತ ಅವರಿಗೆ ನೆನಪಿತ್ತು, ಅಷ್ಟೇ.